ಕಾಡುಚೆರಿ: ಹಣ್ಣಿಗೆ ಅಡ್ಡಿಯಿಲ್ಲ, ತೊಗಟೆ ಮಗುವಿಗೆ ಬೇಡ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಮದುವೆಯಾದಾಗಿನಿಂದ ಪುಣೆಯ ಕೋಥ್ರೂಡಿನಲ್ಲಿದ್ದೇನೆ. ಮಗಳು ಅಮೆರಿಕದ ಕೊಲೊರಾಡೊದಲ್ಲಿದ್ದಾಳೆ. ದೀಪಾವಳಿಗೆ ಮಕ್ಕಳನ್ನು ಕರೆದುಕೊಂಡು ಬಂದಾಗ ಅಲ್ಲಿಯ ಸಂತೆಯಲ್ಲಿ ಕೊಂಡ ಮೂರು ಸಾಮಾನು ತಂದಳು: ಚೋಕ್‌ಚೆರಿ ಅನ್ನುವ ಕಾಡುಹಣ್ಣಿನ ಜೆಲ್ಲಿ, ಬೀಜಸಮೇತ ಒಣಗಿಸಿದ ಅದೇ ಹಣ್ಣು, ಮತ್ತೆ ‘ಕಾಡುಚೆರಿ ತೊಗಟೆ’ ಎಂದು ಬರೆದ ಪುಡಿಯ ಪೊಟ್ಟಣ. ನಾಲ್ಕು ವರ್ಷದ ಮೊಮ್ಮಗನಿಗೆ ಬಂದ ವಾರದಲ್ಲೇ ಕೆಮ್ಮು ಹತ್ತಿದೆ, ಹತ್ತು ದಿನವಾದರೂ ಇಳಿದಿಲ್ಲ. ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ಓದಿದ ಮೇಲೆ ಮಗಳಿಗೆ ಅಂಗಡಿ ಸಿರಪ್ ಎಂದರೆ ಭಯ. ‘ಅಲ್ಲಿಯ ಮೂಲನಿವಾಸಿಗಳು ನೂರಾರು ವರ್ಷದಿಂದ ಈ ತೊಗಟೆಯ ಕಷಾಯ ಕುಡಿದಿದ್ದಾರೆ ಅವ್ವಾ, ಜೇನುತುಪ್ಪ ಹಾಕಿ ಕೊಡೋಣ’ ಅನ್ನುತ್ತಾಳೆ. ಆದರೆ ಇದೇ ಗಿಡದ ಎಲೆ ತಿಂದು ದನ ಸಾಯುತ್ತವೆ ಎಂದೂ ಅವಳೇ ಓದಿ ಹೇಳಿದಳು. ಮಂಡಈ ಹತ್ತಿರದ ಕಾಷ್ಠೌಷಧಿ ಅಂಗಡಿಯವರು ‘ಇದು ನಮ್ಮ ಪದ್ಮಕಾಷ್ಠವೇ, ಧಾರಾಳವಾಗಿ ಕೊಡಿ’ ಅಂದರು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ, ಅವರು ಜೆಲ್ಲಿ ತಿನ್ನಬಹುದೇ? ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ನಾದಿನಿಗೆ ಇದರ ಬೀಜ ಒಳ್ಳೆಯದು ಎಂದು ವಾಟ್ಸಾಪಿನಲ್ಲಿ ಬಂದಿದೆ. ಎಂಟು ತಿಂಗಳ ಮೊಮ್ಮಗಳೂ ಮನೆಯಲ್ಲಿದ್ದಾಳೆ, ಅವಳಿಗೂ ಈಗ ಸ್ವಲ್ಪ ಕೆಮ್ಮು. ಇದು ಔಷಧವೋ ವಿಷವೋ ಒಂದು ಮಾತು ಹೇಳಿ. ಬೀಜ ಹಾಕಿದರೆ ನಮ್ಮ ತಾರಸಿಯ ಮೇಲೆ ಗಿಡ ಬರುತ್ತದೆಯೇ?

ಉತ್ತರ: ಮೊದಲು ತುರ್ತಿನ ಮಾತು. ತೊಗಟೆಯ ಪುಡಿಯನ್ನು ಮೊಮ್ಮಗನಿಗೆ ಕೊಡಬೇಡಿ, ಕಷಾಯ ಮಾಡಿಯೂ ಬೇಡ, ಜೇನುತುಪ್ಪದಲ್ಲಿ ಕಲಸಿಯೂ ಬೇಡ. ಎಂಟು ತಿಂಗಳ ಕೂಸಿನ ಹತ್ತಿರ ಆ ಪೊಟ್ಟಣವೂ ಹೋಗಬಾರದು, ಜೇನುತುಪ್ಪವೂ ಹೋಗಬಾರದು. ಜೆಲ್ಲಿಯನ್ನು ದೊಡ್ಡವರು, ನಾಲ್ಕು ವರ್ಷದ ಹುಡುಗ ಎಲ್ಲರೂ ತಿನ್ನಬಹುದು. ಒಣಹಣ್ಣನ್ನು ಹೇಗಿದೆಯೋ ಹಾಗೆ ಯಾರೂ ಜಗಿಯಬೇಡಿ. ಕಾರಣಗಳನ್ನು ಇನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗಳ ಮಾತಿನಲ್ಲೂ ಸತ್ಯವಿದೆ, ನಿಮ್ಮ ಭಯದಲ್ಲೂ ಸತ್ಯವಿದೆ.

ಚೋಕ್‌ಚೆರಿ ಗುಲಾಬಿಯ ಕುಟುಂಬಕ್ಕೆ ಸೇರಿದ ಗಿಡ. ಬಾದಾಮಿ, ಪೀಚ್, ಜರ್ದಾಳು, ಪ್ಲಮ್ ಎಲ್ಲ ಇದರ ಹತ್ತಿರದ ನೆಂಟರು. ಸಸ್ಯಶಾಸ್ತ್ರದಲ್ಲಿ ಪ್ರೂನಸ್ ವರ್ಜಿನಿಯಾನ ಎನ್ನುತ್ತಾರೆ. ಉತ್ತರ ಅಮೆರಿಕದ ಹೊಳೆದಂಡೆ, ಬೆಟ್ಟದ ಇಳಿಜಾರು, ಬೇಲಿಸಾಲುಗಳಲ್ಲಿ ಪೊದೆಯಾಗಿ ಬೆಳೆಯುತ್ತದೆ. ಬೇರಿನಿಂದಲೇ ಮರಿ ಎಬ್ಬಿಸಿಕೊಂಡು ಹಿಂಡು ಕಟ್ಟುತ್ತದೆ. ವಸಂತದಲ್ಲಿ ಬಿಳಿ ಹೂವಿನ ಗೊಂಚಲು, ಬೇಸಿಗೆ ಮುಗಿಯುವ ಹೊತ್ತಿಗೆ ಬಟಾಣಿ ಗಾತ್ರದ ಹಣ್ಣು. ಮೊದಲು ಕೆಂಪು, ಪೂರ್ತಿ ಮಾಗಿದಾಗ ಕಪ್ಪು. ಹಸಿಹಣ್ಣು ಬಾಯಿಗೆ ಹಾಕಿದರೆ ನಾಲಿಗೆ ದಪ್ಪಗಾಗಿ ಗಂಟಲು ಹಿಡಿದಂತಾಗುವಷ್ಟು ಒಗರು. ಅದು ಟ್ಯಾನಿನ್‌ನ ಕೆಲಸ, ವಿಷದ ಲಕ್ಷಣವಲ್ಲ. ಉತ್ತರ ಡಕೋಟಾ ರಾಜ್ಯ 2007ರಲ್ಲಿ ಇದನ್ನು ತನ್ನ ರಾಜ್ಯದ ಹಣ್ಣೆಂದು ಘೋಷಿಸಿತು. ಅಲ್ಲಿಯವರಿಗೆ ಇದು ಅಷ್ಟು ಆಪ್ತ.

ಮೂಲನಿವಾಸಿಗಳ ಮಾತು ಪೊಳ್ಳಲ್ಲ. ಲಕೋಟಾ, ಶಾಯೆನ್, ಬ್ಲ್ಯಾಕ್‌ಫುಟ್ ಮುಂತಾದ ಬಯಲುಸೀಮೆಯ ಸಮುದಾಯಗಳಿಗೆ ಈ ಹಣ್ಣು ಚಳಿಗಾಲದ ಬುತ್ತಿಯಾಗಿತ್ತು. ಲಕೋಟಾ ಜನರ ಪಂಚಾಂಗದಲ್ಲಿ ಚೋಕ್‌ಚೆರಿ ಕಪ್ಪಾಗುವ ತಿಂಗಳು ಎಂದೇ ಒಂದು ತಿಂಗಳಿದೆ. ಹಣ್ಣನ್ನು ಗೊರಟೆಸಮೇತ ಕಲ್ಲಿನ ಮೇಲೆ ಜಜ್ಜಿ, ಬಿಲ್ಲೆ ತಟ್ಟಿ, ಬಿಸಿಲಿಗೆ ಒಣಗಿಸಿ ಇಡುತ್ತಿದ್ದರು. ಒಣಮಾಂಸ ಮತ್ತು ಕೊಬ್ಬಿನ ಜೊತೆ ಅದನ್ನು ಕುಟ್ಟಿ ಸೇರಿಸಿದರೆ ತಿಂಗಳುಗಟ್ಟಲೆ ಕೆಡದ ಆಹಾರ. ಒಳತೊಗಟೆಯ ಮತ್ತು ಕಡ್ಡಿಯ ಕಷಾಯವನ್ನು ಭೇದಿಗೆ, ಹೊಟ್ಟೆನೋವಿಗೆ, ಕೆಮ್ಮಿಗೆ, ನೆಗಡಿಗೆ ಬಳಸುತ್ತಿದ್ದರು.

ದಿನಾಂಕ ಸಮೇತ ದಾಖಲಾದ ಒಂದು ಪ್ರಸಂಗವೂ ಇದೆ. ಅಮೆರಿಕದ ಪಶ್ಚಿಮದ ದಾರಿ ಹುಡುಕಲು ಹೊರಟ ತಂಡದ ನಾಯಕ ಮೆರಿವೆದರ್ ಲೂಯಿಸ್ 1805ರ ಜೂನ್ 11ರಂದು ಮಿಸ್ಸೌರಿ ನದಿಯ ಮೇಲ್ಭಾಗದಲ್ಲಿ ಹೊಟ್ಟೆನೋವು, ಜ್ವರದಿಂದ ಮಲಗಿಬಿಟ್ಟ. ಔಷಧಿಯ ಪೆಟ್ಟಿಗೆ ಜೊತೆಗಿರಲಿಲ್ಲ. ಅವನ ತಾಯಿ ವರ್ಜಿನಿಯಾದಲ್ಲಿ ಗಿಡಮೂಲಿಕೆ ಬಲ್ಲವರೆಂದು ಹೆಸರಾದವರು. ಅವನು ಚೋಕ್‌ಚೆರಿಯ ಕಡ್ಡಿ ತರಿಸಿದ, ಎಲೆ ಸವರಿ ಬಿಸಾಡಿಸಿದ, ಕಡ್ಡಿಯನ್ನು ಎರಡೆರಡು ಇಂಚು ಕತ್ತರಿಸಿ, ನೀರು ಕಪ್ಪಾಗಿ ಒಗರಾಗುವವರೆಗೆ ಕುದಿಸಿದ ಕಷಾಯ ಮಾಡಿಸಿ ಸಂಜೆ ಒಂದು ಪಿಂಟ್, ಅಂದರೆ ಅರ್ಧ ಲೀಟರಿನಷ್ಟು ಕುಡಿದ. ಒಂದು ತಾಸಿನ ಮೇಲೆ ಮತ್ತಷ್ಟು. ರಾತ್ರಿ ಹತ್ತಕ್ಕೆ ನೋವು ಹೋಗಿ, ಬೆವರು ಬಂದು ಜ್ವರ ಇಳಿಯಿತು ಎಂದು ದಿನಚರಿಯಲ್ಲಿ ಬರೆದಿದ್ದಾನೆ. ಮರುದಿನ ಎದ್ದು ನಡೆದುಕೊಂಡು ಹೋದ.

ಗಮನಿಸಬೇಕಾದ ಸಂಗತಿ ಇದರಲ್ಲೇ ಇದೆ. ಅವನು ಎಲೆ ತೆಗೆಸಿದ. ಕಡ್ಡಿಯನ್ನು ಚೆನ್ನಾಗಿ ಕುದಿಸಿದ. ಕುಡಿದವನು ಗಟ್ಟಿಮುಟ್ಟಾದ ದೊಡ್ಡ ಆಳು, ಕಾಯಿಲೆ ಹೊಟ್ಟೆಯದು, ಔಷಧಿ ಒಂದೇ ಸಂಜೆಯದು. ಅದನ್ನು ನೆಪ ಮಾಡಿಕೊಂಡು ಹದಿನಾರು ಕಿಲೋ ತೂಕದ ಮಗುವಿಗೆ, ಕೆಮ್ಮಿಗೆ, ದಿನಕ್ಕೆ ಮೂರು ಹೊತ್ತು, ಯಾರು ಯಾವಾಗ ಸುಲಿದರೆಂದು ಗೊತ್ತಿಲ್ಲದ ತೊಗಟೆಯ ಪುಡಿ ಕೊಡುವುದಕ್ಕೆ ಆಧಾರವಿಲ್ಲ. ಆ ಸಮುದಾಯಗಳ ಅಜ್ಜಿಯಂದಿರಿಗೆ ಯಾವ ಕಾಲದಲ್ಲಿ ಸುಲಿಯಬೇಕು, ಎಷ್ಟು ಹೊತ್ತು ಕುದಿಸಬೇಕು, ಯಾರಿಗೆ ಕೊಡಬಾರದು ಎಂಬುದು ಕೈಯಲ್ಲಿತ್ತು. ಪೊಟ್ಟಣದಲ್ಲಿ ತೊಗಟೆ ಮಾತ್ರ ಬಂದಿದೆ, ಆ ತಿಳಿವಳಿಕೆ ಬಂದಿಲ್ಲ.

ಇನ್ನು ದನ ಸಾಯುವ ವಿಷಯ. ನೀವು ಇಂಡಿ ಕಡೆಯವರಾದ್ದರಿಂದ ಇದನ್ನು ನಿಮಗೆ ಹೇಳುವುದು ಸುಲಭ. ಮಳೆ ಕೈಕೊಟ್ಟ ವರ್ಷ ಬಾಡಿದ ಎಳೆ ಜೋಳದ ಪೈರಿಗೆ, ಕೊಯ್ದ ಮೇಲೆ ಚಿಗುರಿದ ಕೂಳೆಗೆ ದನ ಬಿಡಬಾರದು ಎಂದು ನಿಮ್ಮ ತವರಿನ ಹಿರಿಯರು ಎಚ್ಚರಿಸಿದ್ದು ನೆನಪಿರಬೇಕು. ಮೇಯ್ದ ದನ ಸ್ವಲ್ಪ ಹೊತ್ತಿಗೇ ಏದುಸಿರು ಬಿಟ್ಟು, ತತ್ತರಿಸಿ ಬೀಳುತ್ತದೆ. ಅದೇ ಜೋಳದ ಕಾಳಿನ ರೊಟ್ಟಿ ನಾವು ಜೀವನಪೂರ್ತಿ ತಿನ್ನುತ್ತೇವೆ, ಬಲಿತು ಒಣಗಿದ ಕಣಿಕೆಯನ್ನು ದನಕ್ಕೆ ಹಾಕುತ್ತೇವೆ. ಎಳೆ ಜೋಳದಲ್ಲಿರುವುದು ಧುರಿನ್ ಎಂಬ ವಸ್ತು. ಕಾಡುಚೆರಿಯ ಎಲೆ, ತೊಗಟೆಯಲ್ಲಿರುವುದು ಪ್ರುನಾಸಿನ್, ಗೊರಟೆಯೊಳಗಿನ ತಿರುಳಿನಲ್ಲಿರುವುದು ಅಮಿಗ್ಡಲಿನ್. ಮೂರೂ ಒಂದೇ ಜಾತಿಯವು, ಸಕ್ಕರೆಯ ಜೊತೆ ಸಯನೈಡನ್ನು ಕಟ್ಟಿ ಇಟ್ಟುಕೊಂಡಿರುವ ವಸ್ತುಗಳು. ಕಟ್ಟಿದ್ದಷ್ಟು ಹೊತ್ತು ನಿರುಪದ್ರವಿ. ಗಿಡದ ಇನ್ನೊಂದು ಕೋಣೆಯಲ್ಲಿ ಆ ಕಟ್ಟು ಬಿಚ್ಚುವ ಕಿಣ್ವ ಇರುತ್ತದೆ. ಎಲೆ ಬಾಡಿದಾಗ, ಜಜ್ಜಿದಾಗ, ದನ ಅಗಿದಾಗ ಎರಡೂ ಬೆರೆತು ಹೈಡ್ರೋಜನ್ ಸಯನೈಡ್ ಹೊರಬೀಳುತ್ತದೆ. ಹುಳು, ದನಗಳಿಂದ ತಪ್ಪಿಸಿಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಇದು. ಚೋಕ್‌ಚೆರಿಯ ಎಳೆ ಚಿಗುರು ಮತ್ತು ಬಾಡಿದ ಎಲೆ ಹೆಚ್ಚು ಅಪಾಯ. ಹಣ್ಣಿನ ಮಾಂಸಲ ಭಾಗವನ್ನು ಮಾತ್ರ ಪ್ರಾಣಿಪಕ್ಷಿ ತಿಂದು ಬೀಜ ಒಯ್ಯಲಿ ಎಂದೇ ಗಿಡ ಬಿಟ್ಟಿದೆ, ಅದರಲ್ಲಿ ಭಯವಿಲ್ಲ.

ಹಾಗಾಗಿ ‘ಔಷಧವೋ ವಿಷವೋ’ ಎಂದು ಇಡೀ ಗಿಡದ ಬಗ್ಗೆ ಒಂದೇ ಮಾತು ಹೇಳಲಾಗದು. ಯಾವ ಭಾಗ, ಹೇಗೆ ಸಿದ್ಧಮಾಡಿದ್ದು, ಎಷ್ಟು, ಯಾರಿಗೆ ಎಂದು ಕೇಳಬೇಕು.

ಪುಣೆಯ ಔಷಧವಿಜ್ಞಾನ ಕಾಲೇಜಿನಲ್ಲಿ ಪಾಠ ಮಾಡುವಾಗ ಇದನ್ನು ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳುವ ಬದಲು ತೋರಿಸುತ್ತಿದ್ದೆ. ಒಂದು ಚಮಚದಷ್ಟು ಕಾಡುಚೆರಿ ತೊಗಟೆಯ ಪುಡಿಯನ್ನು ಗಾಜಿನ ಕೊಳವೆಯಲ್ಲಿ ಹಾಕಿ ನೀರಲ್ಲಿ ನೆನೆಸುವುದು. ಸೋಡಿಯಂ ಪಿಕ್ರೇಟ್ ಹಚ್ಚಿದ ಹಳದಿ ಕಾಗದದ ಪಟ್ಟಿಯೊಂದನ್ನು ಪುಡಿಗೆ ತಾಗದ ಹಾಗೆ ಮೇಲೆ ನೇತುಹಾಕಿ ಬಿರಡೆ ಬಿಗಿಯುವುದು. ಕೊಳವೆಯನ್ನು ಬೆಚ್ಚಗೆ ಇಟ್ಟರೆ ಹಳದಿ ಕಾಗದ ಮೊದಲು ಕಿತ್ತಳೆಯಾಗಿ, ಆಮೇಲೆ ಇಟ್ಟಿಗೆ ಕೆಂಪಾಗುತ್ತದೆ. ಪುಡಿ ಕಾಗದವನ್ನು ಮುಟ್ಟಿಲ್ಲ, ಮೇಲೆದ್ದ ಸಯನೈಡ್ ಗಾಳಿ ಮುಟ್ಟಿದೆ. ಬಿರಡೆ ತೆಗೆದಾಗ ಬರುವ ಕಹಿ ಬಾದಾಮಿಯ ವಾಸನೆಗೆ ಮುಖ್ಯ ಕಾರಣ ಜೊತೆಗೇ ಹುಟ್ಟುವ ಬೆಂಜಾಲ್ಡಿಹೈಡ್. ಕೆಮ್ಮಿನ ಸಿರಪ್ಪುಗಳಿಗೆ ಚೆರಿಯ ಘಮ ಎಂದು ನಾವು ಗುರುತಿಸುವುದೂ ಅದನ್ನೇ. ಮನೆಯಲ್ಲಿ ಯಾರೂ ಈ ಪರೀಕ್ಷೆಗೆ ಕೈಹಾಕಬೇಡಿ, ಆ ಕಾಗದಕ್ಕೆ ಬಳಸುವ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವ ವಸ್ತು. ನಾನು ಹೇಳಬೇಕಾದ್ದು ಇಷ್ಟೇ: ಒಣಗಿದ ಪುಡಿಯಲ್ಲೂ ಆ ವಸ್ತು, ಆ ಕಿಣ್ವ ಎರಡೂ ಹಾಗೇ ಕಾಯುತ್ತ ಕುಳಿತಿರುತ್ತವೆ. ನೀರು ಬಿದ್ದರೆ ಕೆಲಸ ಶುರು.

‘ಕುದಿಸಿದರೆ ವಿಷ ಹಾರಿಹೋಗುತ್ತದಲ್ಲ’ ಎಂದು ನಿಮ್ಮ ಮಗಳು ಕೇಳಬಹುದು. ಅದು ಅರ್ಧ ಸರಿ. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿದು ಆವಿಯಾಗುತ್ತದೆ, ತೆರೆದ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿದರೆ ಬಿಡುಗಡೆಯಾದ ಅಂಶ ನಿಲ್ಲುವುದಿಲ್ಲ. ಆದರೆ ಪುಡಿಯನ್ನು ನೇರ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಮೊದಲೇ ಸತ್ತುಹೋಗಿ, ಪ್ರುನಾಸಿನ್ ಕಟ್ಟು ಬಿಚ್ಚದೆ ಕಷಾಯದಲ್ಲೇ ಉಳಿಯುತ್ತದೆ. ಅದನ್ನು ಕುಡಿದರೆ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಅದೇ ಕೆಲಸವನ್ನು ಒಳಗೆ ಮಾಡುತ್ತವೆ. ಹಣ್ಣನ್ನು ಜಜ್ಜಿ ಬಿಸಿಲಿಗೆ ಹಾಕುತ್ತಿದ್ದವರ ಕ್ರಮದಲ್ಲಿ ಕಟ್ಟು ಬಿಚ್ಚಲೂ ಗಾಳಿ ಹಾರಿಹೋಗಲೂ ಹೊತ್ತು ಸಿಗುತ್ತಿತ್ತು. ಹಳೆಯ ಔಷಧಿ ತಯಾರಕರ ಕ್ರಮ ಇದಕ್ಕೆ ತದ್ವಿರುದ್ಧ. ತೊಗಟೆಯನ್ನು ಕುದಿಸದೆ ತಣ್ಣೀರಲ್ಲಿ ನೆನೆಸಿ ಸಿರಪ್ ಮಾಡುತ್ತಿದ್ದರು, ಯಾಕೆಂದರೆ ಅಲ್ಪಸ್ವಲ್ಪ ಸಯನೈಡ್ ಉಳಿದರೇ ಕೆಮ್ಮು ಕಡಿಮೆಯಾಗುತ್ತದೆ ಎಂದು ಅವರು ನಂಬಿದ್ದರು. ಅವರು ತೊಗಟೆ ಸುಲಿಯುವ ಕಾಲ, ತೂಕ, ಪ್ರಮಾಣ ಎಲ್ಲ ಗೊತ್ತುಮಾಡಿಕೊಂಡು ಮಾಡುತ್ತಿದ್ದರು. ಅಡುಗೆಮನೆಯ ಚಮಚದ ಅಳತೆಗೆ ಅದು ಒಗ್ಗುವುದಿಲ್ಲ.

ಪೊಟ್ಟಣದ ಬಗ್ಗೆ ಇನ್ನೊಂದು ಗೊಂದಲ ಇದೆ. ‘ಕಾಡುಚೆರಿ ತೊಗಟೆ’ ಎಂದು ಅಮೆರಿಕದಲ್ಲಿ ಮಾರುವುದು ಸಾಮಾನ್ಯವಾಗಿ ಚೋಕ್‌ಚೆರಿಯದಲ್ಲ, ಅದರ ದಾಯಾದಿಯಾದ ಕಪ್ಪು ಚೆರಿಯದು, ಪ್ರೂನಸ್ ಸೆರೋಟಿನ. ಅದು ಪೊದೆಯಲ್ಲ, ಎತ್ತರದ ಮರ. ಹಿಂದೆ ಬ್ರಿಟಿಷ್ ಔಷಧಸಂಹಿತೆಯಲ್ಲಿ ಈ ಮರದ ತೊಗಟೆಗೆ ‘ಪ್ರೂನಸ್ ವರ್ಜಿನಿಯಾನ’ ಎಂದೇ ಹೆಸರಿಟ್ಟಿದ್ದರು. ಅಲ್ಲಿಂದ ಶುರುವಾದ ಗೊಂದಲ ಇವತ್ತಿಗೂ ಬಗೆಹರಿದಿಲ್ಲ. ನಿಮ್ಮ ಜೆಲ್ಲಿ ಒಂದು ಗಿಡದ್ದು, ಪುಡಿ ಇನ್ನೊಂದು ಮರದ್ದು ಇರುವ ಸಾಧ್ಯತೆಯೇ ಹೆಚ್ಚು. ಎರಡರ ತೊಗಟೆಯಲ್ಲೂ ಪ್ರುನಾಸಿನ್ ಇದೆ. ಎಷ್ಟಿದೆ ಎಂಬುದು ಮರದ ವಯಸ್ಸು, ಕಾಲಮಾನ, ತೊಗಟೆಯ ಹಳತನದ ಮೇಲೆ ಏರುಪೇರಾಗುತ್ತದೆ. ಪುಡಿ ನೋಡಿ ಯಾರೂ ಹೇಳಲಾರರು.

ಪ್ರಮಾಣದ ಮಾತು ಬಂತಲ್ಲ, ಒಂದು ಲೆಕ್ಕ ಕೊಡುತ್ತೇನೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಜರ್ದಾಳು ಬೀಜದ ತಿರುಳಿನ ಬಗ್ಗೆ ಕೊಟ್ಟ ಅಭಿಪ್ರಾಯದಲ್ಲಿ, ಒಮ್ಮೆಗೆ ಒಳಹೋಗುವ ಸಯನೈಡಿನ ಸುರಕ್ಷಿತ ಮಿತಿ ದೇಹದ ಪ್ರತಿ ಕಿಲೋ ತೂಕಕ್ಕೆ 20 ಮೈಕ್ರೋಗ್ರಾಂ ಎಂದು ಹೇಳಿದೆ. ಹದಿನಾರು ಕಿಲೋ ತೂಕದ ಹುಡುಗನಿಗೆ ಅದು ಒಂದು ಮಿಲಿಗ್ರಾಂನ ಮೂರನೇ ಒಂದು ಪಾಲಿನಷ್ಟು. ಜರ್ದಾಳಿನ ಸಣ್ಣ ಹಸಿ ತಿರುಳು ಮೂರಕ್ಕಿಂತ ಹೆಚ್ಚು ತಿಂದರೆ ದೊಡ್ಡವರೂ, ಒಂದು ತಿಂದರೆ ಪುಟ್ಟ ಮಗುವೂ ಆ ಮಿತಿ ದಾಟಬಹುದು ಎಂದು ಅದೇ ಅಭಿಪ್ರಾಯ ಎಚ್ಚರಿಸಿತು. ಸ್ವಲ್ಪ ಪ್ರಮಾಣವನ್ನು ದೇಹ ತಾನೇ ಗಂಧಕದ ಅಂಶ ಸೇರಿಸಿ ನಿರಪಾಯ ಮಾಡಿ ಮೂತ್ರದಲ್ಲಿ ಕಳಿಸುತ್ತದೆ. ಅದರ ಶಕ್ತಿ ಮೀರಿದರೆ ಜೀವಕೋಶಗಳಿಗೆ ರಕ್ತದಲ್ಲಿ ಆಮ್ಲಜನಕ ಇದ್ದೂ ಬಳಸಿಕೊಳ್ಳಲಾಗುವುದಿಲ್ಲ. ಮಕ್ಕಳಲ್ಲಿ ಆ ಗಡಿ ಬಹಳ ಹತ್ತಿರ.

ತೊಗಟೆಯಿಂದ ಕೆಮ್ಮು ನಿಲ್ಲುತ್ತದೆ ಎಂಬುದಕ್ಕೆ ಮಕ್ಕಳ ಮೇಲೆ ಸರಿಯಾಗಿ ನಡೆದ ಪರೀಕ್ಷೆಯ ಬೆಂಬಲ ಇಲ್ಲ. ಹಾಗಿದ್ದರೆ ಇಷ್ಟು ತಲೆಮಾರು ಯಾಕೆ ನಂಬಿದರು? ನೆಗಡಿಯ ಕೆಮ್ಮು ತಾನಾಗಿಯೇ ಎರಡು ಮೂರು ವಾರದಲ್ಲಿ ಹೋಗುತ್ತದೆ. ಬಿಸಿ ಪಾನೀಯ, ಸಿಹಿ ಗಂಟಲಿಗೆ ಹಿತ. ಭೇದಿಯ ವಿಷಯದಲ್ಲಿ ಒಗರಿನ ಟ್ಯಾನಿನ್‌ಗೆ ನಿಜಕ್ಕೂ ಸ್ವಲ್ಪ ಗುಣ ಇರಬಹುದು, ನಮ್ಮಲ್ಲೂ ದಾಳಿಂಬೆ ಸಿಪ್ಪೆ ಕೊಡುವುದಿಲ್ಲವೇ.

ನಿಮ್ಮ ಮಗಳ ಭಯ ನನಗೆ ಅರ್ಥವಾಗುತ್ತದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಬೆರೆತ ಸಿರಪ್‌ನಿಂದ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಅದನ್ನು ಓದಿದ ಯಾವ ತಾಯಿಗೂ ನಿದ್ದೆ ಬಂದಿರಲಾರದು. ಹಾಗೆಂದು ಒಂದು ಬಾಟಲಿಯ ಭಯಕ್ಕೆ ಇನ್ನೊಂದು ಪೊಟ್ಟಣ ಉತ್ತರವಲ್ಲ. ಸಣ್ಣ ಮಕ್ಕಳ ಸಾಮಾನ್ಯ ಕೆಮ್ಮಿಗೆ ಸಿರಪ್ಪೂ ಬೇಕಿಲ್ಲ, ತೊಗಟೆಯೂ ಬೇಕಿಲ್ಲ. ಕ್ಲೋರ್‌ಫೆನಿರಾಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು 2023ರಲ್ಲೇ ನಮ್ಮ ಔಷಧ ನಿಯಂತ್ರಕರು ಹೇಳಿದ್ದಾರೆ.

ಮೊಮ್ಮಗನಿಗೆ ಮಲಗುವ ಮುಂಚೆ ಒಂದು ಸಣ್ಣ ಚಮಚ ಜೇನುತುಪ್ಪ ಕೊಡಿ. ಒಂದು ವರ್ಷ ದಾಟಿದ ಮಕ್ಕಳ ರಾತ್ರಿಯ ಕೆಮ್ಮಿಗೆ ಇದು ಪರೀಕ್ಷೆಗಳಲ್ಲೂ ಉಪಯೋಗ ತೋರಿಸಿದ ಮದ್ದು. ಆಗಾಗ ಬೆಚ್ಚನೆಯ ನೀರು, ತೆಳು ಸಾರು. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ. ಪಟಾಕಿ ಹೊಗೆ, ಸೊಳ್ಳೆಬತ್ತಿ, ಊದುಬತ್ತಿ ಮಲಗುವ ಕೋಣೆಯಲ್ಲಿ ಬೇಡ. ಚಳಿದೇಶದಿಂದ ಬಂದ ಮಗುವಿಗೆ ದೀಪಾವಳಿಯ ಪುಣೆಯ ಗಾಳಿ ಸುಲಭವಲ್ಲ. ಎಂಟು ತಿಂಗಳ ಕೂಸಿನ ಕೆಮ್ಮಿಗೆ ಎದೆಹಾಲು, ಮೂಗಿಗೆ ಉಪ್ಪುನೀರಿನ ಹನಿ ಇಷ್ಟೇ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸುವುದು ನಮ್ಮಲ್ಲಿ ರೂಢಿ, ಆದರೆ ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವನ್ನು ತಡೆಯುವ ಶಕ್ತಿ ಆ ವಯಸ್ಸಿನ ಕರುಳಿಗೆ ಇರುವುದಿಲ್ಲ. ಹಾಲೂಡಿಸುತ್ತಿರುವ ನಿಮ್ಮ ಮಗಳು ಕೂಡ ತೊಗಟೆಯ ಕಷಾಯ ಕುಡಿಯಬಾರದು.

ಹುಡುಗನ ಅಂಗಿ ಎತ್ತಿ ಎದೆ ನೋಡಿ. ಅಳದೆ ಸುಮ್ಮನಿದ್ದಾಗ ಒಂದು ಪೂರ್ತಿ ನಿಮಿಷ ಗಡಿಯಾರ ಹಿಡಿದು ಉಸಿರು ಎಣಿಸಿ. ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50 ಅಥವಾ ಹೆಚ್ಚು ಬಂದರೆ ಅಂದೇ ಮಕ್ಕಳ ವೈದ್ಯರ ಹತ್ತಿರ ಹೋಗಬೇಕು. ಪಕ್ಕೆ ಒಳಗೆ ಎಳೆದರೆ, ತುಟಿ ನೀಲಿಯಾದರೆ, ನೀರೂ ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆ. ಉಸಿರಿನಲ್ಲಿ ಸಿಳ್ಳೆಯಂಥ ಸದ್ದಿದ್ದರೆ ಆಸ್ತಮಾ ಇರಬಹುದು, ಅದಕ್ಕೆ ಯಾವ ಕಷಾಯವೂ ಬದಲಿ ಅಲ್ಲ. ಶೇಂಗಾ, ಚೂಡಾ ತಿನ್ನುವಾಗ ಫಕ್ಕನೆ ಶುರುವಾದ ಕೆಮ್ಮಾದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ, ಚೂರು ಶ್ವಾಸನಾಳಕ್ಕೆ ಹೋಗಿರಬಹುದು. ನೀವು ಬರೆದಾಗಲೇ ಹತ್ತು ದಿನ ಆಗಿತ್ತು. ಎರಡು ವಾರ ದಾಟಿದರೆ ಏನೂ ಇಲ್ಲದಂತೆ ಕಂಡರೂ ಒಮ್ಮೆ ತೋರಿಸಲೇಬೇಕು.

ಪದ್ಮಕಾಷ್ಠದ ವಿಚಾರ. ಅಂಗಡಿಯವರು ಸುಳ್ಳು ಹೇಳಬೇಕೆಂದು ಹೇಳಿಲ್ಲ, ನೆಂಟಸ್ತನ ನಿಜ. ಆಯುರ್ವೇದದ ಪದ್ಮಕ ಹಿಮಾಲಯದ ಕಾಡುಚೆರಿ, ಪ್ರೂನಸ್ ಸೆರಸಾಯ್ಡಿಸ್. ಉಳಿದ ಚೆರಿಗಳು ವಸಂತದಲ್ಲಿ ಹೂಬಿಟ್ಟರೆ ಇದು ಚಳಿಯ ಆರಂಭದಲ್ಲಿ ಗುಲಾಬಿ ಬಣ್ಣದಲ್ಲಿ ಅರಳುತ್ತದೆ. ನವೆಂಬರಿನಲ್ಲಿ ಶಿಲ್ಲಾಂಗಿನಲ್ಲಿ ಜನ ನೋಡಲು ಹೋಗುವುದು ಇದನ್ನೇ. ಚರಕಸಂಹಿತೆ ಪದ್ಮಕವನ್ನು ಮೈಬಣ್ಣಕ್ಕೆ ಹಿತವಾದ ಹತ್ತು ದ್ರವ್ಯಗಳಲ್ಲೂ ನೋವು ತಗ್ಗಿಸುವ ಹತ್ತರಲ್ಲೂ ಸೇರಿಸಿದೆ. ಬಳಸುವುದು ಮುಖ್ಯವಾಗಿ ಮರದ ಚೇಗನ್ನು, ಅದೂ ಚಂದನಾಸವದಂಥ ಯೋಗಗಳಲ್ಲಿ ಹಲವು ದ್ರವ್ಯಗಳ ನಡುವೆ ಒಂದಾಗಿ. ಚೇಗು ಬೇರೆ, ತೊಗಟೆ ಬೇರೆ. ಹಿಮಾಲಯದ ಮರ ಬೇರೆ, ಅಮೆರಿಕದ್ದು ಬೇರೆ. ಒಂದರ ಗುಣವನ್ನು ಇನ್ನೊಂದಕ್ಕೆ ಹಚ್ಚಿ ಕೊಡುವುದು ಆಯುರ್ವೇದದ ಪದ್ಧತಿಯೂ ಅಲ್ಲ. ನಮ್ಮ ಪೇಟೆಯಲ್ಲಿ ಪದ್ಮಕಾಷ್ಠದ ಹೆಸರಿನ ಚೀಲದಲ್ಲಿ ಬೇರೆ ಕಟ್ಟಿಗೆಯ ಚೂರು ಬರುವುದನ್ನೂ ನಾನು ನೋಡಿದ್ದೇನೆ. ವೈದ್ಯರು ಬರೆದುಕೊಟ್ಟು, ದ್ರವ್ಯದ ಗುರುತಿನ ಬಗ್ಗೆ ಅನುಮಾನ ಬಂದರೆ ಪುಣೆಯಲ್ಲೇ ಆಘಾರ್ಕರ್ ಸಂಶೋಧನಾ ಸಂಸ್ಥೆ ಇದೆ, ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ. ಮಾದರಿ ಗುರುತಿಸುವ ಕೆಲಸ ಅಲ್ಲಿ ಆಗುತ್ತದೆ.

ಯಜಮಾನರಿಗೆ ಹಣ್ಣಿನಿಂದ ತೊಂದರೆಯಿಲ್ಲ, ಜೆಲ್ಲಿಯ ಸಕ್ಕರೆಯಿಂದ ಇದೆ. ಇಷ್ಟು ಒಗರಿನ ಹಣ್ಣಿಗೆ ಕೈತುಂಬ ಸಕ್ಕರೆ ಸುರಿಯದೆ ಜೆಲ್ಲಿ ಆಗದು. ಊಟದ ಜೊತೆ ಅರ್ಧ ಚಮಚ ರುಚಿ ನೋಡಲಿ, ಸಾಕು. ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಅದೇ ಹೊತ್ತಿಗೆ ಒಗರಿನ ಪದಾರ್ಥ ತಿನ್ನದಿರುವುದು ಒಳ್ಳೆಯದು, ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ.

ನಾದಿನಿಯ ವಿಷಯದಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಇಂಥ ವಾಟ್ಸಾಪ್ ಸಂದೇಶಗಳು ಬೀಜದಲ್ಲಿದೆ ಎನ್ನುವ ‘ವಿಟಮಿನ್ ಬಿ-17’ ಎಂಬುದು ವಿಟಮಿನ್ನೇ ಅಲ್ಲ. ಅಮಿಗ್ಡಲಿನ್‌ಗೆ ಮತ್ತು ಅದರಿಂದ ಮಾಡಿದ ಲೇಟ್ರಿಲ್‌ಗೆ ಮಾರಾಟಕ್ಕಾಗಿ ಕೊಟ್ಟ ಹೆಸರು ಅದು. ಅದರ ಕೊರತೆಯಿಂದ ಯಾವ ಕಾಯಿಲೆಯೂ ಬರುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರ ನೇತೃತ್ವದಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದ ಫಲಿತಾಂಶ 1982ರಲ್ಲಿ ಪ್ರಕಟವಾಯಿತು. ಗಡ್ಡೆ ಕರಗಲಿಲ್ಲ, ಆಯಸ್ಸು ಹೆಚ್ಚಲಿಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತು. ಕೀಮೋ ತೆಗೆದುಕೊಂಡು ಊಟ ಸೇರದೆ ಸೋತ ದೇಹಕ್ಕೆ ಸಯನೈಡನ್ನು ನಿರಪಾಯ ಮಾಡುವ ಶಕ್ತಿಯೂ ಕಡಿಮೆ ಇರುತ್ತದೆ. ಈಗಾಗಲೇ ಬೀಜ ತಿನ್ನಲು ಶುರುಮಾಡಿದ್ದರೆ ನಿಲ್ಲಿಸಿ, ಅವರ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ವೈದ್ಯರು ಬೈಯುತ್ತಾರೆಂದು ಮುಚ್ಚಿಡುವವರು ಬಹಳ, ದಯವಿಟ್ಟು ಮುಚ್ಚಿಡಬೇಡಿ. ಸಂದೇಶ ಕಳಿಸಿದವರು ಪ್ರೀತಿಯಿಂದಲೇ ಕಳಿಸಿರುತ್ತಾರೆ, ಅವರಿಗೂ ಈ ಮಾತು ಮುಟ್ಟಿಸಿ.

ಈಗ ಮನೆಯಲ್ಲಿರುವ ಸಾಮಾನು. ತೊಗಟೆಯ ಪುಡಿಯನ್ನು ಬಿಸಾಡುವುದೇ ಸರಿ, ದನ ಮೂತಿಯಿಡುವ ಕಸದ ತೊಟ್ಟಿಗೆ ಬೇಡ, ಕಟ್ಟಿ ಒಣಕಸದ ಗಾಡಿಗೆ ಕೊಡಿ. ಒಣಹಣ್ಣಿನಲ್ಲಿ ಎರಡು ಅಪಾಯ. ಗೊರಟೆ ಗಟ್ಟಿ, ನಾಲ್ಕು ವರ್ಷದ ಹುಡುಗನ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ. ಅಗಿದು ಒಡೆದರೆ ಒಳಗಿನ ತಿರುಳು ವಿಷ. ಆಕಸ್ಮಿಕವಾಗಿ ಒಂದೆರಡು ಇಡಿಯಾಗಿ ನುಂಗಿದರೆ ಸಾಮಾನ್ಯವಾಗಿ ಹಾಗೇ ಹೊರಗೆ ಹೋಗುತ್ತವೆ. ಹಣ್ಣು ಬಳಸಲೇಬೇಕೆಂದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ತೆರೆದ ಪಾತ್ರೆಯಲ್ಲಿ ಮೆತ್ತಗಾಗುವ ತನಕ ಕುದಿಸಿ, ಕೈಯಿಂದ ಕಿವುಚಿ ಜರಡಿಯಲ್ಲಿ ಸೋಸಿ. ಗೊರಟೆಗಳೆಲ್ಲ ಜರಡಿಯಲ್ಲೇ ಉಳಿಯಬೇಕು. ಮಿಕ್ಸರಿಗೆ ಮಾತ್ರ ಹಾಕಬೇಡಿ, ಗೊರಟೆ ಪುಡಿಯಾಗಿ ಎಲ್ಲ ಕೆಡುತ್ತದೆ. ಸೋಸಿದ ರಸಕ್ಕೆ ಬೆಲ್ಲ ಹಾಕಿ ಕಾಯಿಸಿದರೆ ಒಳ್ಳೆಯ ಗೊಜ್ಜಾಗುತ್ತದೆ, ರೊಟ್ಟಿಗೆ ಹೊಂದುತ್ತದೆ.

ಯಾರಾದರೂ ತಿಳಿಯದೆ ಗೊರಟೆಯ ತಿರುಳು ಅಥವಾ ತೊಗಟೆ ತಿಂದು ತಲೆನೋವು, ತಲೆಸುತ್ತು, ವಾಂತಿ, ಗಾಬರಿ, ಜೋರು ಉಸಿರು ಶುರುವಾದರೆ ವಾಂತಿ ಮಾಡಿಸಲು, ಮಜ್ಜಿಗೆ ಕುಡಿಸಲು ಹೋಗಿ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಉಳಿದ ಪೊಟ್ಟಣವನ್ನು ಜೊತೆಗೆ ಒಯ್ಯಿರಿ, ‘ಸಯನೈಡ್ ಇರುವ ಬೀಜ ತಿಂದಿದ್ದಾರೆ’ ಎಂದು ಆ ಶಬ್ದ ಬಳಸಿಯೇ ಹೇಳಿ. ಪ್ರತಿವಿಷ ಇದೆ, ಹೈಡ್ರಾಕ್ಸೊಕೊಬಾಲಮಿನ್, ಸೋಡಿಯಂ ಥಯೋಸಲ್ಫೇಟ್ ಮುಂತಾದವು, ಬೇಗ ಕೊಟ್ಟಷ್ಟೂ ಒಳ್ಳೆಯದು. ದೊಡ್ಡ ಆಸ್ಪತ್ರೆಗೇ ಹೋಗಿ.

ಕೊನೆಗೆ ತಾರಸಿಯ ಗಿಡ. ಚೋಕ್‌ಚೆರಿಗೆ ಹಿಮ ಬೀಳುವ ಉದ್ದನೆಯ ಚಳಿಗಾಲ ಬೇಕು. ಬೀಜ ಮೊಳೆಯುವುದಕ್ಕೂ ತಿಂಗಳುಗಟ್ಟಲೆ ತಣ್ಣನೆ ತೇವ ಬೇಕು, ಹೂ ಕಟ್ಟುವುದಕ್ಕೂ ಚಳಿ ಬೇಕು. ಪುಣೆಯ ಡಿಸೆಂಬರ್ ಅದಕ್ಕೆ ಸಾಲದು. ಬಿತ್ತಲೆಂದು ಹೊರದೇಶದಿಂದ ಬೀಜ, ಕಡ್ಡಿ ತರುವುದಕ್ಕೆ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಬೇಕು, ಪ್ರಯಾಣದ ಪೆಟ್ಟಿಗೆಯಲ್ಲಿ ತರುವಂತಿಲ್ಲ. ನರ್ಸರಿಯಲ್ಲಿ ‘ಚೆರಿ’ ಎಂದು ಕೊಡುವುದು ಬಾರ್ಬಡೋಸ್ ಚೆರಿಯೋ ಸುರಿನಾಮ್ ಚೆರಿಯೋ ಆಗಿರುತ್ತದೆ, ಅವು ಬೇರೆಯೇ ಕುಟುಂಬದವು. ಒಗರು-ಹುಳಿಯ ಕಾಡುಹಣ್ಣು ಮನೆಯಲ್ಲಿ ಬೆಳೆಸುವ ಆಸೆಯಿದ್ದರೆ ಕವಳಿಗಿಡ ಹಾಕಿ, ಮರಾಠಿಯವರ ಕರವಂದ. ಮೇ ತಿಂಗಳಲ್ಲಿ ಲೋಣಾವಳ, ಮಹಾಬಳೇಶ್ವರದ ದಾರಿಯಲ್ಲಿ ಎಲೆಯ ದೊನ್ನೆಯಲ್ಲಿ ಮಾರುತ್ತಾರಲ್ಲ, ಅದೇ. ಬೇಕರಿಯ ಕೇಕಿನ ಮೇಲೆ ಚೆರಿ ಎಂದು ಇಡುವ ಕೆಂಪು ಹಣ್ಣೂ ಬಹಳ ಸಲ ಸಕ್ಕರೆಪಾಕದ ಕವಳಿಯೇ. ಮುಳ್ಳಿನ ಗಿಡವಾದ್ದರಿಂದ ಮಕ್ಕಳ ಕೈಗೆ ಸಿಗದ ಮೂಲೆಯಲ್ಲಿ, ದೊಡ್ಡ ಕುಂಡದಲ್ಲಿ, ಪೂರ್ತಿ ಬಿಸಿಲಿರುವ ಕಡೆ ಇಡಿ. ನೀರು ನಿಲ್ಲದ ಹಾಗೆ ನೋಡಿಕೊಂಡರೆ ಸಾಕು.